ಕ್ಲಿಯರ್ ಇಲ್ಲದ ಕೆಂಪು: ಸಿಂಗಲ್ ಸ್ಟೇಜ್ 2ಕೆ ಪೇಂಟ್, ನಾಲ್ಕು ವರ್ಷದ ಬಳಕೆ

ಹಳೆ ಕಾರಿಗೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದರೆ ಬಣ್ಣದ ಮೇಲೆ ಗಾಜು ಕೂರಿಸಿದಂತೆ ಕಾಣುತ್ತದೆ. 1960ರ ದಶಕದ ಸಾದಾ ಬಣ್ಣಗಳಲ್ಲಿ ಹೊಳಪು ಬಣ್ಣದ ಮೈಯಿಂದಲೇ ಬರುತ್ತಿತ್ತು. ಆ ನೋಟಕ್ಕೆ ಸಿಂಗಲ್ ಸ್ಟೇಜ್ ಯುರೆಥೇನೇ ಸರಿ: ಬಣ್ಣ, ಹೊಳಪು ಎರಡೂ ಒಂದೇ ಪದರದಲ್ಲಿರುವ, ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ ಹೊಡೆಯುವ (2ಕೆ) ಪೇಂಟ್ ಇದು. ನಾಲ್ಕು ವರ್ಷವಾದರೂ ಈ ಮಾತು ಬದಲಾಗಿಲ್ಲ.

ಆರೈಕೆಯೇ ಒಂದು ಸುಖ. ಮೆತ್ತನೆ ಬಟ್ಟೆಗೆ ಕಡಲೆಕಾಳಿನಷ್ಟು ಪಾಲಿಶ್ ಹಚ್ಚಿ, ಒಂದು ಸಲಕ್ಕೆ ಎರಡು ಗೇಣು ಜಾಗವನ್ನಷ್ಟೇ ಉಜ್ಜಬೇಕು. ಬಟ್ಟೆ ಕೆಂಪಾಗುತ್ತದೆ. ಹೆದರಬೇಡಿ, ಕ್ಲಿಯರ್ ಇಲ್ಲದ ಪೇಂಟಿನ ಗುಣವೇ ಅದು. ಮಂಕಾದ ಮೇಲ್ಪದರ ಹೋದ ಜಾಗದಲ್ಲಿ ಕೆಂಪು ಒದ್ದೆಯಾದಂತೆ ಎದ್ದು ಬರುತ್ತದೆ.

ತಕರಾರು ಬಣ್ಣ ಹೊಂದಿಸುವುದರಲ್ಲಿ. ಕಾರಿನ ಬಣ್ಣದ ಕೋಡ್ ಕೊಟ್ಟು ಬೆರೆಸಿಸಿದ ಕೆಂಪು ಟ್ಯೂಬ್‌ಲೈಟಿನಡಿ ಸರಿಯಾಗಿಯೇ ಇತ್ತು. ಬಿಸಿಲಿಗೆ ಬಂದಾಗ ಗುಲಾಬಿಯತ್ತ ವಾಲಿತು. ಹಿಂದೆ ಕೆಂಪು, ಹಳದಿಗಳಿಗೆ ಸೀಸದ ಕ್ರೋಮೇಟ್ ವರ್ಗದ ಪಿಗ್ಮೆಂಟ್ (ಬಣ್ಣದ ಪುಡಿ) ಹಾಕುತ್ತಿದ್ದರು. ಈಗಿನವು ಬೇರೆ, ಹಾಗಾಗಿ ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದುವುದಿಲ್ಲ. ಈಗಿನವಕ್ಕೆ ಅಡಿಯ ಬಣ್ಣ ಮುಚ್ಚುವ ಶಕ್ತಿಯೂ ಕಡಿಮೆ: ಮೂರು ಕೋಟ್‌ಗೆ ಮುಗಿಯಬೇಕಾದದ್ದು ನಾಲ್ಕಾಗುತ್ತದೆ. ಪ್ರೈಮರ್ ಎಲ್ಲ ಕಡೆ ಒಂದೇ ಬಣ್ಣದ್ದಿರಬೇಕು, ಇಲ್ಲವಾದರೆ ಕಲೆಗಳು ಕೆಳಗಿನಿಂದ ಇಣುಕುತ್ತವೆ.

ಕೋಡನ್ನೇ ನಂಬಿ ಕೂರಬೇಡಿ. ಡಿಕ್ಕಿಯ ಬೀಡಿಂಗ್ ಅಡಿ ಅಥವಾ ಡ್ಯಾಶ್‌ಬೋರ್ಡಿನ ಕೆಳಗೆ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ. ಅದನ್ನು ತೊಳೆದು, ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ, ಆಮೇಲೆ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇಡಿಸಿ. ಬಂದ ಪೇಂಟನ್ನು ಕಾರಿಗೆ ಹೊಡೆಯುವ ಸ್ಪ್ರೇ ಗನ್ನಿನಿಂದಲೇ ಕಪ್ಪು-ಬಿಳಿ ಪಟ್ಟಿಯ ಕಾರ್ಡಿಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ಬಿಸಿಲು, ನೆರಳು, ಹಳದಿ ಬಲ್ಬು ಮೂರರಲ್ಲೂ ನೋಡಿ. ಪಟ್ಟಿ ಕಾಣದಂತಾಗಲು ಎಷ್ಟು ಕೋಟ್ ಬೇಕಾಯಿತೋ ಕಾರಿಗೂ ಅಷ್ಟೇ.

ನನ್ನ ಪೇಂಟಿನ ಅಳತೆ ನಾಲ್ಕು ಪಾಲಿಗೆ ಒಂದು ಪಾಲು ಹಾರ್ಡ್‌ನರ್, 1.3 ಮಿ.ಮೀ. ನಾಜಲ್, ಕೋಟುಗಳ ನಡುವೆ 10-15 ನಿಮಿಷ. ಆತುರಪಟ್ಟರೆ ಬಾಗಿಲಿನ ಕೆಳಭಾಗದಲ್ಲಿ ಪೇಂಟ್ ಇಳಿಯುತ್ತದೆ. ಹಾರ್ಡ್‌ನರ್‌ನಲ್ಲಿ ಶ್ವಾಸಕ್ಕೆ ಹಾನಿಕರವಾದ ಐಸೋಸಯನೇಟ್ ಇದೆ. ಹೊರಗಿನ ಗಾಳಿ ಒದಗಿಸುವ ಮಾಸ್ಕ್ ಇಲ್ಲದೆ ಗನ್ ಹಿಡಿಯಲೇಬೇಡಿ. ಮೆಟಾಲಿಕ್ ಬಣ್ಣವಾದರೆ ಈ ಪೇಂಟ್ ಬೇಡ. ಉಜ್ಜಿದರೆ ಅದರ ಮೇಲ್ಭಾಗದ ಅಲ್ಯೂಮಿನಿಯಂ ಚೂರುಗಳು ಕತ್ತರಿಸಿಹೋಗಿ ಬಣ್ಣ ಮೋಡಗಟ್ಟಿದಂತಾಗುತ್ತದೆ.

ಅನೇಕರು ಕೆಡಿಸುವುದು ಕೊನೆಯಲ್ಲಿ. ಒಲೆಯಲ್ಲಿ ಬೇಯಿಸಿದ ಎನಾಮೆಲ್ ಬಣ್ಣದ ಕಾರಿಗೆ ಕಾರ್ಖಾನೆಯಿಂದಲೇ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತಿತ್ತು. 2000 ನಂಬರಿನ ವಾಟರ್ ಪೇಪರ್ ಹಿಡಿದು ಅದನ್ನು ಕನ್ನಡಿಯಂತೆ ಸಮ ಮಾಡಿದರೆ ಮೂಲ ನೋಟವೇ ಹೋಯಿತು. ಧೂಳು ಕೂತಲ್ಲಿ ಮಾತ್ರ ಉಜ್ಜಿ, ಅಂಚುಗಳಿಗೆ ಟೇಪ್ ಹಚ್ಚಿರಿ. ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ, ಎರಡೇ ಎಳೆತಕ್ಕೆ ಪ್ರೈಮರ್ ಕಾಣುತ್ತದೆ.

ಮುಂದಿನ ರಿಪೇರಿಗೆಂದು ಅರ್ಧ ಲೀಟರ್ ಹೆಚ್ಚೇ ಬೆರೆಸಿಸಿ, ಹಾರ್ಡ್‌ನರ್ ಹಾಕದೆ ಮುಚ್ಚಿಡಿ. ಹಾರ್ಡ್‌ನರ್ ಮಾತ್ರ ರಿಪೇರಿ ದಿನ ಹೊಸದೇ ತನ್ನಿ; ತೆರೆದ ಡಬ್ಬಿ ಗಾಳಿಯ ತೇವಕ್ಕೆ ಕೆಡುತ್ತದೆ.