ಹಾಲಿಗೆ ಡಸ್ಟ್, ನೀರಿಗೆ ಸೊಪ್ಪು: ಎರಡು ಟೀಗಳ ಹೋಲಿಕೆ

ಊಟಿಗೆ ಹೋದ ಮೈಸೂರಿನವರು ಬರಿಗೈಯಲ್ಲಿ ವಾಪಸ್ ಬರುವುದು ಕಡಿಮೆ. ಚಾಕೊಲೇಟ್, ನೀಲಗಿರಿ ತೈಲ, ಜೊತೆಗೊಂದು ಪ್ಯಾಕೆಟ್ ಟೀ ಸೊಪ್ಪು. ಚಾಕೊಲೇಟ್ ಬೇಗ ಖಾಲಿಯಾಗುತ್ತದೆ. ಟೀ ಸೊಪ್ಪು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಹಾಲು ಹಾಕಿ ಕುದಿಸಿದರೆ ಬಣ್ಣವೂ ಬರಲ್ಲ, ರುಚಿಯೂ ಬರಲ್ಲ ಅಂತ ಎಲ್ಲರ ದೂರು. ದೂರು ಸುಳ್ಳಲ್ಲ. ಆದರೆ ಟೀಯದೇ ತಪ್ಪಾ? ನೋಡೋಣ ಅಂತ ಊಟಿ ಪಕ್ಕದ ಕೂನೂರಿನ ಸೊಪ್ಪನ್ನೂ ನಮ್ಮ ಬೀದಿಯ ಅಂಗಡಿಯ ಡಸ್ಟ್ ಟೀಯನ್ನೂ ಎದುರುಬದುರು ಇಟ್ಟುಕೊಂಡು ಕುಡಿದೆ.

ಎರಡೂ ಟೀ ಗಿಡದ ಎಲೆಯೇ. ದೊಡ್ಡ ವ್ಯತ್ಯಾಸ ಆಗುವುದು ಕಾರ್ಖಾನೆಯಲ್ಲಿ. ಡಸ್ಟ್ ಬರುವುದು ಸಿಟಿಸಿ (ಕ್ರಷ್, ಟಿಯರ್, ಕರ್ಲ್) ಯಂತ್ರದಿಂದ. ಬಾಡಿಸಿದ ಎಲೆಯನ್ನು ಹಲ್ಲುಗಳಿರುವ ರೋಲರ್‌ಗಳ ನಡುವೆ ಹಾಯಿಸಿ, ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತಾರೆ. ಈ ಪದ್ಧತಿ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಶುರುವಾಯಿತು. ಕಾಳನ್ನು ಜರಡಿ ಹಿಡಿದಾಗ ಸಿಗುವ ತೀರಾ ಸಣ್ಣ ಪುಡಿಯೇ ಡಸ್ಟ್. ಕಳಪೆ ಅಂತಲ್ಲ, ಅದೂ ಒಂದು ಗ್ರೇಡ್. ನಾನು ತಂದ ಸೊಪ್ಪು ಆರ್ಥಡಾಕ್ಸ್ ಪದ್ಧತಿಯದು. ಎಲೆ ಪುಡಿಯಾಗದ ಹಾಗೆ ಹೊಸೆದು ಒಣಗಿಸಿರುತ್ತಾರೆ.

ಹಾಲಿನ ಟೀಗೆ ಡಸ್ಟ್ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಪುಡಿ ಸಣ್ಣದಾದಷ್ಟೂ ಬೇಗ ಸಾರ ಬಿಡುತ್ತದೆ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷದಲ್ಲಿ ಬಣ್ಣ, ಕಹಿ, ಒಗರು ಎಲ್ಲ ಹೊರಗೆ. ಹಾಲಿನ ಪ್ರೋಟೀನ್ ಈ ಒಗರನ್ನು ಹಿಡಿದುಕೊಂಡು ಮೆತ್ತಗೆ ಮಾಡುತ್ತದೆ. ಹಾಗಾಗಿ ಹಾಲು ಬಿದ್ದ ಮೇಲೂ ಉಳಿಯುವಷ್ಟು ಖಡಕ್ ಮೊದಲೇ ಇರಬೇಕು. ಹೋಟೆಲಿನ ಬೈಟು ಟೀ ಅರ್ಧ ಲೋಟದಲ್ಲೇ ನಿದ್ದೆ ಬಿಡಿಸುವುದು ಇದರಿಂದಲೇ. ಶುಂಠಿ ಹಾಕಿದರೂ ಡಸ್ಟ್ ಸೋಲಲ್ಲ. ಜಜ್ಜಿದ ಶುಂಠಿಯನ್ನು ನೀರಿನಲ್ಲೇ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ. ಹಸಿ ಶುಂಠಿ ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯಬಹುದು. ಬೆಲ್ಲದ ಟೀ ಇಷ್ಟವಿದ್ದರೆ ಬೆಲ್ಲವನ್ನೂ ಒಲೆ ಆರಿಸಿದ ಮೇಲೆಯೇ ಹಾಕಿ.

ಇದೇ ಡಸ್ಟನ್ನು ಹಾಲಿಲ್ಲದೆ ಕುಡಿದು ನೋಡಿ. ಬರೀ ಒಗರು, ಗಂಟಲು ಹಿಡಿದ ಹಾಗೆ. ಇಲ್ಲಿ ಸೊಪ್ಪಿನ ಸರದಿ.

ಸೊಪ್ಪನ್ನು ಕುದಿಸಬಾರದು. ಕುದಿದ ನೀರನ್ನು ಒಲೆಯಿಂದ ಇಳಿಸಿ, ಸೊಪ್ಪು ಹಾಕಿ, ಮೂರು ನಿಮಿಷ ಮುಚ್ಚಿಡಿ. ಒಂದು ಕಪ್ಪಿಗೆ 2 ಗ್ರಾಂ ಸಾಕು. ಚಮಚದ ಲೆಕ್ಕ ಮಾತ್ರ ಇಲ್ಲಿ ಕೈಕೊಡುತ್ತದೆ. ಸೊಪ್ಪು ಹಗುರ, ಡಸ್ಟ್‌ನಷ್ಟೇ ತೂಕ ಬರಬೇಕಾದರೆ ಚಮಚ ಜಾಸ್ತಿ ಬೇಕು. ಸೋಸಿದರೆ ತಿಳಿಯಾದ ಕಿತ್ತಳೆ ಬಣ್ಣ, ಹೂವಿನಂಥ ಘಮ. ಸಕ್ಕರೆ ಕೂಡ ಬೇಡ ಅನ್ನಿಸಿತು, ನಾನು ಸಿಹಿ ಜಾಸ್ತಿ ಕುಡಿಯುವವಳಾದರೂ. ನೀಲಗಿರಿ ಟೀಯ ಇನ್ನೊಂದು ಗುಣ, ತಣ್ಣಗಾದಾಗ ಕದಡಿದ ಹಾಗೆ ಕಾಣಲ್ಲ. ಅದಕ್ಕೇ ನಿಂಬೆರಸ ಹಿಂಡಿ ಐಸ್ ಟೀ ಮಾಡಲು ಬಲು ಚೆನ್ನ. ಅದೇ ಸೊಪ್ಪಿಗೆ ಇನ್ನೊಮ್ಮೆ ಬಿಸಿನೀರು ಹಾಕಿದರೂ ಕುಡಿಯುವ ಹಾಗಿರುತ್ತದೆ. ಡಸ್ಟ್‌ನಲ್ಲಿ ಇದು ಆಗದ ಮಾತು.

ಟೀ ಬ್ಯಾಗನ್ನೂ ನೋಡಿದೆ. ಆಫೀಸಿಗೆ ಸರಿ, ಮನೆಯಲ್ಲಿ ಯಾಕೆ?

ತಿಂಡಿ ಜೊತೆ ಇಟ್ಟಾಗ ಲೆಕ್ಕ ಮತ್ತೆ ಡಸ್ಟ್ ಕಡೆಗೇ. ಖಾರದ ಕೋಡುಬಳೆ ಕಡಿದು ಸೊಪ್ಪಿನ ಟೀ ಕುಡಿದರೆ ಬಿಸಿನೀರು ಕುಡಿದಷ್ಟೇ. ಬೆಳಿಗ್ಗೆ ಗಡಿಬಿಡಿಯಲ್ಲೂ ಹಾಲಿನ ಟೀಯೇ ಆಗಬೇಕು. ನನ್ನ ಮಟ್ಟಿಗೆ ಸೊಪ್ಪಿಗೆ ಸರಿಯಾದ ಹೊತ್ತು ಮಧ್ಯಾಹ್ನ, ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಪಕ್ಕದಲ್ಲಿ ಏನೂ ಇಲ್ಲದೆ. ಅತ್ತೆಗೆ ಕೊಟ್ಟೆ. "ಇದೇನಮ್ಮ, ಕಷಾಯನಾ?" ಅಂದರು. ಅವರಿಗೆ ಈಗಲೂ ಡಸ್ಟೇ.

ಸೊಪ್ಪಿನ ಬೆಲೆ ಜಾಸ್ತಿ, ನಿಜ. 100 ಗ್ರಾಂ ಪ್ಯಾಕೆಟ್ ತಗೊಂಡು ನೋಡಿ. ಊಟಿಯಲ್ಲಿ ಮಾರುವ ಚಾಕೊಲೇಟ್ ಟೀ ಮಾತ್ರ ಬೇಡ, ಅದರಲ್ಲಿ ಟೀ ರುಚಿಯೇ ಸಿಗಲ್ಲ. ಟೀ ತೋಟ ನೋಡುವ ಆಸೆಗೂ ಬೆಟ್ಟ ಹತ್ತಿ ತಮಿಳುನಾಡಿಗೇ ಹೋಗಬೇಕೆಂದಿಲ್ಲ. ಚಿಕ್ಕಮಗಳೂರು ಕಡೆಯ ಕೆಳಗೂರಿನಲ್ಲಿ, ಸಕಲೇಶಪುರದ ಕಾಡುಮನೆಯಲ್ಲಿ, ಸುತ್ತಲೂ ಕಾಫಿ ಇರುವ ನಾಡಿನಲ್ಲೇ ಟೀ ಬೆಳೆಯುತ್ತಾರೆ. ನನ್ನ ಮುಂದಿನ ಪ್ಯಾಕೆಟ್ ಆ ಕಡೆಯದು.