114 ಮಿ.ಮೀ. ಟೆಲಿಸ್ಕೋಪ್: ಆರು ದಸರಾ ಕಳೆದ ಮೇಲೆ

ಕೊಂಡ ಮೊದಲ ವಾರವೇ ಇದಕ್ಕೆ ಎರಡು ಸ್ಟಾರ್ ಕೊಟ್ಟು ಬೈದು ಬರೆದಿದ್ದೆ. ಅರ್ಧ ತಪ್ಪು ನನ್ನದೇ. ಚಂದ್ರನ ಕುಳಿ ನೋಡುವ ಆಸೆಯಲ್ಲಿ ಹುಣ್ಣಿಮೆ ದಿನವೇ ತಾರಸಿಗೆ ಹೊತ್ತೊಯ್ದಿದ್ದೆ. ಆವತ್ತು ಬಿಸಿಲು ನಮ್ಮ ಬೆನ್ನ ಕಡೆಯಿಂದ ನೇರ ಚಂದ್ರನ ಮೇಲೆ ಬೀಳುತ್ತದೆ, ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಕುಳಿ ಯಾವುದು, ಕಲೆ ಯಾವುದು, ಗೊತ್ತಾಗುವುದಿಲ್ಲ. ಕಣ್ಣು ಚುಚ್ಚಿದ್ದಷ್ಟೇ ಲಾಭ.

ತಿಥಿ ನೋಡಿಕೊಂಡು ಟೆಲಿಸ್ಕೋಪ್ ಇಡುವುದನ್ನು ಕಲಿತದ್ದು ಆಮೇಲೆ. ಇದರಲ್ಲಿ ನಾವು ಮೈಸೂರಿನವರು ಪುಣ್ಯವಂತರು. ದಸರಾ ಶುರುವಾಗುವುದು ಅಮಾವಾಸ್ಯೆ ಮಾರನೇ ದಿನ, ಮುಗಿಯುವುದು ದಶಮಿಗೆ. ಹಬ್ಬದುದ್ದಕ್ಕೂ ಬೆಳಕು-ಕತ್ತಲಿನ ಗೆರೆ ದಿನಾ ಇಷ್ಟಿಷ್ಟೇ ಸರಿಯುತ್ತಾ ಹೋಗುತ್ತದೆ, ಆ ಗೆರೆಯ ಪಕ್ಕದಲ್ಲೇ ನೆರಳು ಉದ್ದ. ದೀಪಾಲಂಕಾರದಲ್ಲಿ ನಕ್ಷತ್ರ ಮುಳುಗಿಹೋಗುತ್ತವೆ, ನಿಜ. ಚಂದ್ರ ಅದಕ್ಕೆಲ್ಲ ಕ್ಯಾರೇ ಅನ್ನುವುದಿಲ್ಲ. (ಮಳೆ ಮೋಡದ ಮಾತು ಬೇರೆ.)

ಚೌತಿ ಹೊತ್ತಿಗೆ ಅಂಚಿನಲ್ಲಿ ಮೇರ್ ಕ್ರೈಸಿಯಂ, ಮೊಟ್ಟೆಯಾಕಾರದ ಕಪ್ಪು ಬಯಲು. ಷಷ್ಠಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರಿನಾ ಅಂತ ಮೂರು ಕುಳಿ ಒತ್ತಾಗಿ. ನಾನು ಕಾಯುವುದು ಮಾತ್ರ ಆಯುಧಪೂಜೆಯ ಆಸುಪಾಸಿನ ಕೋಪರ್ನಿಕಸ್ ಕುಳಿಗೆ. 93 ಕಿ.ಮೀ. ಅಗಲ, ಹೆಚ್ಚುಕಮ್ಮಿ ಇಲ್ಲಿಂದ ಮಂಡ್ಯಕ್ಕೆ ಹೋಗಿ ವಾಪಸ್ ಬಂದಷ್ಟು. 10 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 90 ಪಟ್ಟು ದೊಡ್ಡದು. ಗೆರೆ ಆಗ ತಾನೇ ದಾಟಿದ್ದರೆ ತಳವೆಲ್ಲ ಮಸಿ, ನಡುವಿನ ಗುಡ್ಡಗಳ ತುದಿಗೆ ಮಾತ್ರ ಬಿಸಿಲು. ಊರಿಗಿಂತ ಮುಂಚೆ ಚಾಮುಂಡಿ ಬೆಟ್ಟಕ್ಕೆ ಬೆಳಕು ತಾಗುತ್ತದಲ್ಲ, ಥೇಟ್ ಹಾಗೆ. ಗಂಟೆ ಬಿಟ್ಟು ಮತ್ತೆ ಇಣುಕಿ, ಬಿಸಿಲು ಇನ್ನೊಂದು ಚೂರು ಇಳಿದಿರುತ್ತದೆ.

'ಮೇರ್', ಅಂದರೆ 'ಸಾಗರ' ಅಂತ ಹೆಸರಿಟ್ಟರೂ ಕಪ್ಪು ಬಯಲುಗಳಲ್ಲಿ ಹನಿ ನೀರಿಲ್ಲ. ದೊಡ್ಡ ಬಂಡೆಗಳು ಅಪ್ಪಳಿಸಿ ಆದ ಬೋಗುಣಿಗಳೊಳಗೆ ಲಾವಾ ಉಕ್ಕಿ, ಹರಡಿ, ಹೆಪ್ಪುಗಟ್ಟಿದ ಬಸಾಲ್ಟ್ ಅದು. ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯದು, ಕಬ್ಬಿಣದಂಶ ಜಾಸ್ತಿ, ಅದಕ್ಕೇ ಕಪ್ಪು. ಸುತ್ತಲಿನ ಬಿಳಿ ನೆಲ ಅದಕ್ಕಿಂತಲೂ ಮುದಿ. ನಂಬಿಕೆ ಬರದಿದ್ದರೆ ನೀವೇ ಎಣಿಸಿ: ಬಿಳಿ ನೆಲದಲ್ಲಿ ಕುಳಿಯ ಮೇಲೆ ಕುಳಿ, ಕಪ್ಪು ಬಯಲಲ್ಲಿ ಅಲ್ಲೊಂದು ಇಲ್ಲೊಂದು. ಹೊಡೆತ ತಿನ್ನಲು ಅದಕ್ಕೆ ಸಿಕ್ಕ ಕಾಲ ಕಮ್ಮಿ, ಹಳೇ ಗುಳಿಗಳನ್ನು ಲಾವಾ ಮುಚ್ಚಿಯೂ ಬಿಟ್ಟಿದೆ.

ಇನ್ನು ದೂರು. ಜೊತೆಗೆ ಕೊಡುವ 4 ಮಿ.ಮೀ. ಐಪೀಸ್ ಪೆಟ್ಟಿಗೆಯಲ್ಲೇ ಇರಲಿ. ಸ್ಟ್ಯಾಂಡು ಬಡಕಲು, ಫೋಕಸ್ ತಿರುಪು ಮುಟ್ಟಿದರೂ ಚಂದ್ರ ಕುಣಿಯುತ್ತಾನೆ. ಎರಡನೇ ಮಳೆಗಾಲದಲ್ಲಿ ಕನ್ನಡಿಗೆ ಬೂಷ್ಟು ಬಂತು. ಮಾರಿದವರಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ನಾನೇ ಬಿಚ್ಚಿ ತೊಳೆದೆ. ಈಗ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಸ್ಟ್ಯಾಂಡಿಗೊಂದು ಕಳೆದು ನಾಲ್ಕು ಸ್ಟಾರ್.

ಹೋದ ವರ್ಷ ಮಂಡ್ಯದ ಹತ್ತಿರ ನಮ್ಮೂರಿಗೆ ಒಯ್ದಿದ್ದೆ. ಅಷ್ಟಮಿ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು.

"ಮೊಲ ಎಲ್ಲೋಯ್ತ್ಲಾ ಮಗ? ಬರೀ ಅಳಗುಳಿ ಮಣೆ ಇದ್ದಂಗದೆ."

ಕಪ್ಪು ಬಯಲುಗಳೇ ಮೊಲ ಅಜ್ಜಿ, ಇವತ್ತು ಅರ್ಧವೇ ಇದೆ, ಇದರಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ ಅಂದೆ.

"ಇಷ್ಟ್ ದುಡ್ ಕೊಟ್ಟು ತಲೆಕೆಳ್ಗಾ? ಹುಣ್ಮೆ ದಿನ ಬಾ, ಬರಿಗಣ್ಣಲ್ಲೇ ತೋರುಸ್ತೀನಿ."