ಆಟಕ್ಕೆ ನಾಲ್ಕು ಸ್ಟಾರ್, ಮಾರಾಟಕ್ಕೆ ಒಂದು: ಮೇಜರ್ ಲೀಗ್ ಬೇಸ್‌ಬಾಲ್‌ನ ಹಳೇ ಗಿರಾಕಿಯ ವಿಮರ್ಶೆ

ಏನನ್ನು ಬಳಸಿದ್ದು: ಮೇಜರ್ ಲೀಗ್ ಬೇಸ್‌ಬಾಲ್, ಅಂದರೆ ಅಮೆರಿಕದ ಅತಿ ಮೇಲಿನ ದರ್ಜೆಯ ಬೇಸ್‌ಬಾಲ್ ಲೀಗ್. ಸ್ಟೇಡಿಯಂ ಟಿಕೆಟ್, ಟಿವಿ ಚಂದಾ, ಜೆರ್ಸಿ ಎಲ್ಲ ಸೇರಿ.
ಎಲ್ಲಿಂದ, ಎಷ್ಟು ಕಾಲ: ಫ್ರೀಮಾಂಟ್, ಕ್ಯಾಲಿಫೋರ್ನಿಯಾ. ಹದಿನೈದು ವರ್ಷಕ್ಕೂ ಮೇಲಾಯಿತು.
ರೇಟಿಂಗ್: ಮೈದಾನದೊಳಗಿನ ಆಟಕ್ಕೆ 5ರಲ್ಲಿ 4. ಅದನ್ನು ನಮಗೆ ಮಾರುತ್ತಿರುವ ರೀತಿಗೆ 5ರಲ್ಲಿ 1.

ಬೇಸ್‌ಬಾಲ್ ಅಭಿಮಾನಿಗಳು ಇಬ್ಬರು ಸೇರಿದರೆ ಸಾಕು, "ಮೊದಲಿನ ಆಟ ಈಗೆಲ್ಲಿದೆ" ಎಂಬ ಮಾತು ಬಂದೇ ಬರುತ್ತದೆ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಟ ಇದೆ, ಚೆನ್ನಾಗಿಯೇ ಇದೆ. ಆದರೆ ಅದರ ಹತ್ತಿರ ಹೋಗುವ ದಾರಿಯಲ್ಲಿ ಮೈಲಿಗೊಂದು ಟೋಲ್ ಗೇಟ್ ನಿಂತಿದೆ. ನನ್ನ ಸಿಟ್ಟೆಲ್ಲ ಅದರ ಮೇಲೆ. ಹೊಸ ನಿಯಮಗಳನ್ನು ಬೈದುಕೊಂಡು ಕೂತರೆ ಬೈಯಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ಮೊದಲು ನಿಯಮಗಳ ಲೆಕ್ಕ ಮುಗಿಸುತ್ತೇನೆ.

2023ರಲ್ಲಿ ಪಿಚ್ ಕ್ಲಾಕ್ ಬಂತು. ಬೇಸ್‌ಗಳು (ಓಟಗಾರ ಒಂದೊಂದಾಗಿ ಮುಟ್ಟಿ ಬರಬೇಕಾದ ಮೂಲೆಗಳು) ಖಾಲಿ ಇದ್ದರೆ 15 ಸೆಕೆಂಡು, ಯಾರಾದರೂ ಬೇಸ್ ಮೇಲಿದ್ದರೆ 20 ಸೆಕೆಂಡು, ಅಷ್ಟರೊಳಗೆ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಹಾಕುವವನು, ಎಸೆಯಲು ಶುರು ಮಾಡಬೇಕು. ಮರುವರ್ಷ ಆ 20ನ್ನು 18ಕ್ಕೆ ಇಳಿಸಿದರು. ಗಡಿಯಾರವೇ ಇಲ್ಲದ ಆಟಕ್ಕೆ ಗಡಿಯಾರ ಕಟ್ಟಿದರು ಎಂದು ಹಿರಿಯ ಅಭಿಮಾನಿಗಳು ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ 2021ರಲ್ಲಿ ಒಂಬತ್ತು ಇನಿಂಗ್ಸಿನ ಪಂದ್ಯ ಸರಾಸರಿ 3 ಗಂಟೆ 10 ನಿಮಿಷ ಎಳೆಯುತ್ತಿತ್ತು, 2023ರಲ್ಲಿ ಅದು ಸುಮಾರು 2 ಗಂಟೆ 40 ನಿಮಿಷಕ್ಕೆ ಬಂತು. ಕಡಿಮೆಯಾದದ್ದು ಆಟವಲ್ಲ. ಬ್ಯಾಟರ್ ಪ್ರತಿ ಎಸೆತಕ್ಕೂ ಗ್ಲೌಸಿನ ಪಟ್ಟಿ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದ ಹೊತ್ತು, ಪಿಚರ್ ಬೆನ್ನು ತಿರುಗಿಸಿ ಅಡ್ಡಾಡುತ್ತಿದ್ದ ಹೊತ್ತು, ಅಷ್ಟೇ. ವಾರದ ದಿನ ರಾತ್ರಿ ಪಂದ್ಯಕ್ಕೆ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಹೋಗಿ, ಕೊನೆಯ ಔಟ್ ನೋಡಿಕೊಂಡೇ ಮನೆಗೆ ಬರುವಂತಾಗಿದ್ದು ಈ ನಿಯಮದಿಂದ.

ಬೇಸ್‌ನ ಅಳತೆಯನ್ನು 15 ಇಂಚಿನಿಂದ 18ಕ್ಕೆ ಹಿಗ್ಗಿಸಿದ್ದು, ಓಟಗಾರನನ್ನು ಹೆದರಿಸಲು ಪಿಚರ್ ಪದೇ ಪದೇ ಚೆಂಡನ್ನು ಬೇಸ್‌ಗೆ ಎಸೆಯುವುದಕ್ಕೆ ಮಿತಿ ಹಾಕಿದ್ದು, ಇವೂ ಒಳ್ಳೆಯದನ್ನೇ ಮಾಡಿದವು. ಬ್ಯಾಟರ್ ಹೊಡೆತಕ್ಕೆ ಕಾಯದೆ ಓಟಗಾರ ಮುಂದಿನ ಬೇಸ್‌ಗೆ ಓಡಿ ಸೇರುವುದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳ ಸಂಖ್ಯೆ ಮರುವರ್ಷ 3,503ಕ್ಕೆ ಏರಿತು. ನಾವು ಓಕ್‌ಲ್ಯಾಂಡ್ ಕಡೆಯವರು, ರಿಕಿ ಹೆಂಡರ್ಸನ್ ಅಭಿಮಾನಿಗಳು. ಒಟ್ಟು 1,406 ಬೇಸ್ ಕದ್ದ ಮನುಷ್ಯ ಆತ. 1982ರ ಒಂದೇ ಸೀಸನ್‌ನಲ್ಲಿ 130. ಅಂಥ ಓಟವನ್ನು ಅಂಕಿಅಂಶದ ಪಂಡಿತರು "ರಿಸ್ಕ್ ಜಾಸ್ತಿ, ಲಾಭ ಕಡಿಮೆ" ಎಂದು ಮೂಲೆಗೆ ತಳ್ಳಿದ್ದರು. ಅದು ಮತ್ತೆ ಮೈದಾನಕ್ಕೆ ಬಂದದ್ದು ನನಗೆ ನಿಜವಾದ ಸಂತೋಷ.

ಒಪ್ಪಲಾಗದ ನಿಯಮ ಒಂದಿದೆ. ಪಂದ್ಯ ಟೈ ಆಗಿ ಹತ್ತನೇ ಇನಿಂಗ್ಸಿಗೆ ಹೋದರೆ, ಏನೂ ಮಾಡದ ಒಬ್ಬ ಓಟಗಾರನನ್ನು ತಂದು ಎರಡನೇ ಬೇಸ್ ಮೇಲೆ ನಿಲ್ಲಿಸುತ್ತಾರೆ. ಕೋವಿಡ್ ವರ್ಷ 2020ರಲ್ಲಿ ತಾತ್ಕಾಲಿಕ ಎಂದು ಬಂದದ್ದು 2023ರಲ್ಲಿ ಖಾಯಂ ಆಯಿತು. ಪ್ಲೇಆಫ್‌ನಲ್ಲಿ ಮಾತ್ರ ಇದು ಇಲ್ಲ. ಪಂದ್ಯ ಮುಖ್ಯವಾದಾಗ ಬೇಡವಾಗುವ ನಿಯಮ ಉಳಿದ 162 ಪಂದ್ಯಗಳಿಗೆ ಯಾಕೆ ಬೇಕು? ಈ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ. 2022ರಿಂದ ಪ್ಲೇಆಫ್‌ಗೆ 12 ತಂಡ ಹೋಗುತ್ತವೆ. ಹೆಚ್ಚು ತಂಡ ಎಂದರೆ ಟಿವಿಗೆ ಮಾರಲು ಹೆಚ್ಚು ಪಂದ್ಯ. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಬೆವರು ಸುರಿಸಿದ ತಂಡ ಮೂರು ಪಂದ್ಯದ ಸರಣಿಯಲ್ಲಿ ಎರಡು ಸೋತು ಮನೆಗೆ ಹೋಗುತ್ತದೆ.

ಇಲ್ಲಿಗೆ ಆಟದ ಮಾತು ಸಾಕು. ಇನ್ನು ದುಡ್ಡಿನ ಮಾತು.

ಟಿವಿಯಲ್ಲಿ ಬೇಸ್‌ಬಾಲ್ ನೋಡುವುದು ಹೇಗೆ ಎಂದು ಹೊಸದಾಗಿ ಬಂದ ಕನ್ನಡದವರು ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಲು ಬರುವುದಿಲ್ಲ. 2022ರಿಂದ ಶುಕ್ರವಾರದ ಕೆಲವು ಪಂದ್ಯ ಆಪಲ್ ಟಿವಿಯಲ್ಲಿ ಮಾತ್ರ. ಭಾನುವಾರ ಹಗಲಿನ ಒಂದು ಪಂದ್ಯ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋಯಿತು, ಆಮೇಲೆ ರೋಕು ಎಂಬ ಇನ್ನೊಂದಕ್ಕೆ. 2026ರಿಂದ ಉದ್ಘಾಟನಾ ರಾತ್ರಿಯ ಪಂದ್ಯ ಮತ್ತು ಹೋಮ್ ರನ್ ಡರ್ಬಿ (ಸಿಕ್ಸರ್ ಥರದ ಹೊಡೆತಗಳ ಸ್ಪರ್ಧೆ) ನೆಟ್‌ಫ್ಲಿಕ್ಸ್ ಪಾಲು, ಭಾನುವಾರ ರಾತ್ರಿಯದು ಎನ್‌ಬಿಸಿಗೆ. ಒಂದೇ ತಂಡವನ್ನು ಇಡೀ ಸೀಸನ್ ಹಿಂಬಾಲಿಸಬೇಕೆಂದರೆ ಎಷ್ಟು ಕಡೆ ಕಾರ್ಡ್ ನಂಬರ್ ಕೊಡಬೇಕು, ನೀವೇ ಲೆಕ್ಕ ಹಾಕಿ.

ಇದಕ್ಕಿಂತ ಹಳೆಯ ರೋಗ ಬ್ಲ್ಯಾಕೌಟ್. ಲೀಗ್‌ನ ಸ್ವಂತ ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟಿದರೆ ದೂರದ ಊರಿನ ತಂಡಗಳೆಲ್ಲ ಕಾಣುತ್ತವೆ, ನಿಮ್ಮ ಊರಿನ ತಂಡ ಮಾತ್ರ ಕಾಣುವುದಿಲ್ಲ. ಯಾಕೆಂದರೆ ಆ ಪ್ರದೇಶದ ಹಕ್ಕನ್ನು ಮೊದಲೇ ಕೇಬಲ್ ಚಾನೆಲ್‌ಗೆ ಮಾರಿಯಾಗಿದೆ. ಐಯೊವಾ ರಾಜ್ಯದವರ ಪಾಡು ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿ ಮೇಜರ್ ಲೀಗ್ ತಂಡವೇ ಇಲ್ಲ, ಆದರೂ ಅಕ್ಕಪಕ್ಕದ ಆರು ತಂಡಗಳು ಅದನ್ನು ತಮ್ಮ ಪ್ರದೇಶ ಎಂದು ಹಂಚಿಕೊಂಡಿದ್ದರಿಂದ ಆರೂ ತಂಡಗಳ ಪಂದ್ಯಕ್ಕೆ ಅಲ್ಲಿ ಪರದೆ ಬಿತ್ತು. 2023ರ ಮಾರ್ಚ್‌ನಲ್ಲಿ ದೊಡ್ಡ ಪ್ರಾದೇಶಿಕ ಚಾನೆಲ್‌ಗಳ ಮಾಲೀಕ ಡೈಮಂಡ್ ಸ್ಪೋರ್ಟ್ಸ್ ದಿವಾಳಿ ಅರ್ಜಿ ಹಾಕಿದ ಮೇಲೆ ಲೀಗ್ ಮೊದಲು ಪಾಡ್ರೆಸ್ ತಂಡದ, ಆಮೇಲೆ ಬೇರೆ ಕೆಲವು ತಂಡಗಳ ಪ್ರಸಾರವನ್ನು ಕೈಗೆತ್ತಿಕೊಂಡಿತು. ಅಲ್ಲೆಲ್ಲ ಬ್ಲ್ಯಾಕೌಟ್ ಸಡಿಲವಾಗಿದೆ. ಒಂದು ಕಂಪನಿ ಮುಳುಗಿದ ಮೇಲಾದರೂ ಅಭಿಮಾನಿಗೆ ಕಿಟಕಿ ತೆರೆಯಿತು, ಒಪ್ಪೋಣ. ಆದರೆ ಅಭಿಮಾನಿ ಕೇಳಿಕೊಂಡಾಗ ಯಾರೂ ತೆರೆದಿರಲಿಲ್ಲ.

ಬೆಟ್ಟಿಂಗ್ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ. ನನ್ನ ಮಗಳು ಸ್ಕೋರ್ ಕಾರ್ಡ್ ಬರೆಯುವುದನ್ನು ಕಲಿತಿದ್ದಾಳೆ. ಪೆನ್ಸಿಲ್ ಹಿಡಿದು ಪ್ರತಿ ಬ್ಯಾಟರ್‌ಗೂ ಒಂದು ಚೌಕ, ಬ್ಯಾಟ್ ಬೀಸದೆ ಸ್ಟ್ರೈಕ್ ಔಟ್ ಆದವನಿಗೆ ತಿರುಗುಮುರುಗು "ಕೆ", ಎಲ್ಲ ಅಚ್ಚುಕಟ್ಟು. ಒಂದು ಸಂಜೆ ಟಿವಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಬ್ಯಾಟರ್ ಹೆಸರಿನ ಪಕ್ಕ +350 ಎಂದು ಬಂತು. "ಅಪ್ಪಾ, ಇದು ಯಾವ ಸ್ಕೋರು? ಇದನ್ನ ಎಲ್ಲಿ ಬರೀಲಿ?" ಎಂದು ಕೇಳಿದಳು. ಅವನು ಹೋಮ್ ರನ್ ಹೊಡೆದರೆ ನೂರು ಡಾಲರ್ ಕಟ್ಟಿದವರಿಗೆ ಮುನ್ನೂರೈವತ್ತು ಡಾಲರ್ ಲಾಭ ಎಂದು ಹತ್ತು ವರ್ಷದ ಮಗುವಿಗೆ ಬಿಡಿಸಿ ಹೇಳಬೇಕಾಯಿತು. ಅದನ್ನು ಎಲ್ಲೂ ಬರೆಯಬೇಡ ಎಂದೆ. ಅವಳು ಸರಿ ಎಂದು ಮುಂದಿನ ಚೌಕಕ್ಕೆ ಹೋದಳು. ನನಗೆ ಆ ರಾತ್ರಿ ಪಂದ್ಯದ ಮೇಲೆ ಮನಸ್ಸು ನಿಲ್ಲಲಿಲ್ಲ.

1919ರ ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಯಲ್ಲಿ ಶಿಕಾಗೊ ವೈಟ್ ಸಾಕ್ಸ್ ಆಟಗಾರರು ಜೂಜುಕೋರರ ದುಡ್ಡಿಗೆ ಕೈಯೊಡ್ಡಿದ ಕಾರಣಕ್ಕೆ ಎಂಟು ಜನರನ್ನು ಜೀವಮಾನ ಪೂರ್ತಿ ಹೊರಗಿಟ್ಟ ಆಟ ಇದು. ಬೇಸ್‌ಬಾಲ್ ಮೇಲೆ ಬೆಟ್ ಕಟ್ಟಿ ಸಿಕ್ಕಿಬಿದ್ದ ಹೆಸರಾಂತ ಆಟಗಾರ ಪೀಟ್ ರೋಸ್ 1989ರಿಂದ ಸಾಯುವವರೆಗೂ ಹೊರಗೇ ಇದ್ದ. ಆದರೆ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಕ್ರೀಡಾ ಬೆಟ್ಟಿಂಗ್ ತೆರೆಯಲು ದಾರಿ ಮಾಡಿಕೊಟ್ಟಿತು, ಅದೇ ನವೆಂಬರ್‌ನಲ್ಲಿ ಲೀಗ್ ಒಂದು ಕ್ಯಾಸಿನೊ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಆಮೇಲೆ ಆದದ್ದು ನೋಡಿ. 2024ರ ಜೂನ್‌ನಲ್ಲಿ ಟುಕುಪಿಟಾ ಮಾರ್ಕಾನೊ ಎಂಬ ಆಟಗಾರ ಬೇಸ್‌ಬಾಲ್ ಮೇಲೆ ಬೆಟ್ ಕಟ್ಟಿದ್ದಕ್ಕೆ ಜೀವಮಾನ ನಿಷೇಧಕ್ಕೆ ಒಳಗಾದ. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಇಬ್ಬರು ಪಿಚರ್‌ಗಳ ಮೇಲೆ, ಬೆಟ್ಟಿಂಗ್‌ನವರಿಗೆ ಅನುಕೂಲವಾಗುವಂತೆ ಎಸೆತ ಹಾಕಿದರು ಎಂಬ ಆರೋಪ ದಾಖಲಾಯಿತು. ಒಂದೊಂದು ಎಸೆತದ ಮೇಲೂ ಬೆಟ್ ಕಟ್ಟಲು ಬಿಟ್ಟರೆ ಇಂಥ ಅನುಮಾನ ಬಾರದೆ ಇರುತ್ತದೆಯೇ? ಆ ಸುದ್ದಿ ಬಂದ ಮೇಲೆ ಎಸೆತದ ಬೆಟ್ಟಿಗೆ 200 ಡಾಲರ್ ಮಿತಿ ಹಾಕಿಸಿದರು. ಪಿಚರ್ ಕೈಯಿಂದ ಚೆಂಡು ಜಾರಿದರೆ, "ಕೈ ಜಾರಿತೋ, ಜಾರಿಸಿದನೋ" ಎಂಬ ಯೋಚನೆ ಈಗ ಒಂದು ಕ್ಷಣವಾದರೂ ಬಂದು ಹೋಗುತ್ತದೆ. ಮೊದಲು ಬರುತ್ತಿರಲಿಲ್ಲ.

ಜಾಹೀರಾತು ಅಂಗಿಯ ತೋಳಿಗೆ 2023ರಲ್ಲಿ ಬಂತು, ಹೆಲ್ಮೆಟ್‌ಗೆ 2024ರ ಪ್ಲೇಆಫ್‌ನಲ್ಲಿ. ಐಪಿಎಲ್ ನೋಡಿ ಬೆಳೆದ ನಮ್ಮವರಿಗೆ ಇದೇನೂ ಹೊಸದಲ್ಲ, ನನಗೂ ಅದು ಅಷ್ಟಾಗಿ ಚುಚ್ಚುವುದಿಲ್ಲ. ಟಿಕೆಟ್ ಬೆಲೆ ಚುಚ್ಚುತ್ತದೆ. ಬೇಡಿಕೆ ನೋಡಿ ದಿನದಿನಕ್ಕೂ ಬೆಲೆ ಬದಲಿಸುವ ಪದ್ಧತಿಯನ್ನು 2009ರಲ್ಲಿ ಶುರು ಮಾಡಿದ್ದು ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಈಗ ಎಲ್ಲ ಕಡೆ ಅದೇ. ಟಿಕೆಟ್ ಆಪ್ ಒಂದರಲ್ಲಿ ನಾಲ್ಕು ಸೀಟು ಆರಿಸಿ, ಕೊನೆಯ ಪುಟಕ್ಕೆ ಹೋದಾಗ ಸೇವಾ ಶುಲ್ಕ, ನಿರ್ವಹಣಾ ಶುಲ್ಕ ಎಂದೆಲ್ಲ ಸೇರಿ ಐದನೇ ಟಿಕೆಟ್ಟಿನ ದುಡ್ಡೇ ಆಗಿದ್ದುಂಟು. 2024ರ ಜುಲೈಯಿಂದ ಕ್ಯಾಲಿಫೋರ್ನಿಯಾದ ಕಾನೂನು ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಎನ್ನುತ್ತದೆ. ಈಗ ಮೋಸ ಹೋಗುವುದಿಲ್ಲ, ಆದರೆ ಜೇಬಿಗೆ ಬೀಳುವ ಕತ್ತರಿ ತಪ್ಪಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಸ್ಟಾರ್ ಕೊಟ್ಟೆನಲ್ಲ, ಓಕ್‌ಲ್ಯಾಂಡ್ ವಿಷಯವೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದರೆ ಅದನ್ನೂ ಕೊಡುತ್ತಿರಲಿಲ್ಲ.

ನಮ್ಮ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಆಡುತ್ತಿದ್ದ ಕೊಲಿಸಿಯಂ ಚೆಂದದ ಸ್ಟೇಡಿಯಂ ಅಲ್ಲ. ಬರೀ ಕಾಂಕ್ರೀಟು, ಸೋರುವ ಪೈಪು. ಆದರೆ ಬಾರ್ಟ್ ರೈಲು ಇಳಿದು ಮೇಲ್ಸೇತುವೆಯ ಮೇಲೆ ನಡೆದರೆ ಸೀದಾ ಸ್ಟೇಡಿಯಂ ಬಾಗಿಲು. ಕಾರು ಬೇಡ, ಪಾರ್ಕಿಂಗ್ ದುಡ್ಡು ಬೇಡ. ಸೇತುವೆಯ ಉದ್ದಕ್ಕೂ ಗಾಡಿ ಇಟ್ಟುಕೊಂಡು ಈರುಳ್ಳಿ ಹುರಿಯುತ್ತಿದ್ದ ಹೆಂಗಸರು, ನೀರಿನ ಬಾಟಲಿ ಮಾರುತ್ತಿದ್ದ ಹುಡುಗರು. ಒಳಗೆ ಹೋಗುವ ಮೊದಲೇ ರೈಟ್ ಫೀಲ್ಡ್ ಕಡೆಯಿಂದ ಡ್ರಮ್ ಸದ್ದು ಕೇಳುತ್ತಿತ್ತು. ಆ ಡ್ರಮ್ಮಿನವರು ಸಂಬಳದವರಲ್ಲ, ಟಿಕೆಟ್ ಕೊಂಡು ಬರುತ್ತಿದ್ದ ಅಭಿಮಾನಿಗಳು. ಅಮೆರಿಕದಲ್ಲಿ ನನ್ನನ್ನು ಯಾರೂ "ನೀನು ಎಲ್ಲಿಯವನು" ಎಂದು ಕೇಳದೆ ಹೆಗಲ ಮೇಲೆ ಕೈ ಹಾಕಿ ಕುಣಿದ ಮೊದಲ ಜಾಗ ಅದು.

ತಂಡವನ್ನು ಹೇಗೆ ಕಳಚಿದರು ಎಂಬುದು ಎಲ್ಲರೂ ಕಂಡದ್ದೇ. 2022ರ ಸೀಸನ್‌ಗೆ ಮೊದಲು ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನಾಯಾ, ಒಬ್ಬೊಬ್ಬರನ್ನಾಗಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಅದೇ ವರ್ಷ ಸೀಸನ್ ಟಿಕೆಟ್ ದರ ಏರಿಸಿದರು. ತಂಡ 102 ಪಂದ್ಯ ಸೋತಿತು, ಮರುವರ್ಷ 112. ಜನ ಬರುವುದು ನಿಂತಿತು. ಆಮೇಲೆ ಜನ ಬರುತ್ತಿಲ್ಲ ಎಂಬುದನ್ನೇ ಊರು ಬಿಡಲು ಕಾರಣವಾಗಿ ಮುಂದಿಟ್ಟರು.

ಜನ ಬರುತ್ತಾರೆ ಎಂದು ತೋರಿಸಲು ಅಭಿಮಾನಿಗಳು 2023ರ ಜೂನ್ 13ರ ಮಂಗಳವಾರ ಗೊತ್ತು ಮಾಡಿದರು. ಎಷ್ಟೋ ರಾತ್ರಿ ಐದು ಸಾವಿರವೂ ತುಂಬದ ಸ್ಟೇಡಿಯಂಗೆ ಅಂದು 27,759 ಜನ ಬಂದರು. "ತಂಡ ಮಾರು" ಎಂದು ಮಾಲೀಕ ಜಾನ್ ಫಿಶರ್‌ಗೆ ಹೇಳುವ ಹಸಿರು ಟಿ-ಶರ್ಟುಗಳನ್ನು ಬಾಗಿಲಲ್ಲೇ ಪುಕ್ಕಟೆ ಹಂಚಿದರು. ಅದರ ಖರ್ಚನ್ನೂ ಅಭಿಮಾನಿಗಳೇ ಹಾಕಿದ್ದು. ಐದನೇ ಇನಿಂಗ್ಸಿನ ಮೊದಲ ಬ್ಯಾಟರ್ ಬಂದಾಗ ಇಡೀ ಸ್ಟೇಡಿಯಂ ಬೇಕೆಂದೇ ಸುಮ್ಮನಾಯಿತು, ಆಮೇಲೆ ಒಮ್ಮೆಗೇ ಕೂಗಿತು. ಕಾಲ ಕೆಳಗಿನ ಕಾಂಕ್ರೀಟು ಅದುರಿದ್ದು ನೆನಪಿದೆ. ಪಂದ್ಯವನ್ನು 2-1ರಲ್ಲಿ ಗೆದ್ದೆವು. ಅದೇ ದಿನ ನೆವಾಡದ ಸೆನೆಟ್, ಲಾಸ್ ವೇಗಸ್‌ನ ಹೊಸ ಸ್ಟೇಡಿಯಂಗೆ 380 ಮಿಲಿಯನ್ ಡಾಲರ್‌ವರೆಗಿನ ಸಾರ್ವಜನಿಕ ಹಣಕ್ಕೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಉಳಿದ ಮಾಲೀಕರೆಲ್ಲ ಸ್ಥಳಾಂತರಕ್ಕೆ ಒಮ್ಮತದಿಂದ ಮತ ಹಾಕಿದರು.

2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ. 1968ರಿಂದ ಇದ್ದ ತಂಡ ಹೋಯಿತು. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ವಾರಿಯರ್ಸ್ 2019ರಲ್ಲಿ, ಅಮೆರಿಕನ್ ಫುಟ್‌ಬಾಲ್ ತಂಡ ರೇಡರ್ಸ್ 2020ರಲ್ಲಿ ಆಗಲೇ ಹೋಗಿದ್ದವು. ಈಗ ಅಥ್ಲೆಟಿಕ್ಸ್ ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ (ಕೆಳ ದರ್ಜೆಯ ಲೀಗ್) ಮೈದಾನದಲ್ಲಿ ಬಾಡಿಗೆಗೆ ಆಡುತ್ತಿದೆ, ಸುಮಾರು 14,000 ಜನ ಹಿಡಿಸುವ ಜಾಗ. ತಂಡದ ಹೆಸರಿನ ಹಿಂದೆ ಯಾವ ಊರೂ ಇಲ್ಲ. ಓಕ್‌ಲ್ಯಾಂಡಿಗೂ ಈ ತಂಡ ಕ್ಯಾನ್ಸಸ್ ಸಿಟಿಯನ್ನು ಬಿಟ್ಟೇ ಬಂದದ್ದು ಎಂದು ಕೆಲವರು ವಾದಿಸುತ್ತಾರೆ. ನಿಜ. ಅಲ್ಲಿಯವರಿಗೂ ಇದೇ ಅನ್ಯಾಯ ಆಗಿತ್ತು. ಅದರಿಂದ ನಮ್ಮ ಅನ್ಯಾಯ ನ್ಯಾಯವಾಗುವುದಿಲ್ಲ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಬೇಸ್‌ಬಾಲ್ ಬಿಡಿ ಎಂದು ನಾನು ಹೇಳುವುದಿಲ್ಲ, ನನ್ನಿಂದಲೂ ಆಗಿಲ್ಲ. ದುಡ್ಡು ಎಲ್ಲಿಗೆ ಕೊಡುತ್ತೀರಿ ಎಂಬುದನ್ನು ಬದಲಿಸಿ. ವಿಡಿಯೊ ಚಂದಾ ಬಿಟ್ಟು ಲೀಗ್‌ನ ಆಡಿಯೊ ಚಂದಾ ತೆಗೆದುಕೊಳ್ಳಿ. ತುಂಬಾ ಅಗ್ಗ, ಊರಿನ ತಂಡಕ್ಕೂ ಬ್ಲ್ಯಾಕೌಟ್ ಇಲ್ಲ. ರೇಡಿಯೊ ಕಾಮೆಂಟರಿಗೆ ಹೇಳಿ ಮಾಡಿಸಿದ ಆಟ ಇದು, ಅಡುಗೆ ಮಾಡುತ್ತಲೂ ಕೇಳಬಹುದು. ಮಕ್ಕಳನ್ನು ಕರೆದುಕೊಂಡು ಹೋಗಲು ಸ್ಯಾನ್ ಹೋಸೆಯಲ್ಲಿ ಮೈನರ್ ಲೀಗ್ ತಂಡ ಇದೆ. ಓಕ್‌ಲ್ಯಾಂಡಿನವರು ಕೈಕಟ್ಟಿ ಕೂರಲಿಲ್ಲ, ಬಾಲರ್ಸ್ ಎಂಬ ಹೊಸ ತಂಡ ಕಟ್ಟಿದರು. 2024ರಲ್ಲಿ ವೆಸ್ಟ್ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕ್‌ನಲ್ಲಿ ಆಟ ಶುರು, 2025ರಲ್ಲಿ ಪಯೊನಿಯರ್ ಲೀಗ್ ಚಾಂಪಿಯನ್. ಅದರಲ್ಲಿ ಅಭಿಮಾನಿಗಳೂ ಪಾಲುದಾರರು. ಆಟದ ಮಟ್ಟ ಮೇಜರ್ ಲೀಗ್‌ನಷ್ಟಿಲ್ಲ, ಫೀಲ್ಡಿಂಗ್‌ನಲ್ಲಿ ತಪ್ಪುಗಳು ಕಾಣುತ್ತವೆ. ಮಗಳ ಸ್ಕೋರ್ ಕಾರ್ಡಿನಲ್ಲಿ ತಪ್ಪಿಗೆ (ಎರರ್) ಬರೆಯುವ "ಇ" ಅಕ್ಷರ ಜಾಸ್ತಿ ಬೀಳುತ್ತದೆ, ಅವಳಿಗೆ ಅದೇ ಖುಷಿ.

ಕೊನೆಯದಾಗಿ ಒಂದು ಎಚ್ಚರಿಕೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಸಲ ಹೀಗೇ ಮುಗಿದಾಗ ಮಾಲೀಕರು ಆಟಗಾರರನ್ನು ಹೊರಗಿಟ್ಟು 99 ದಿನ ಬೀಗ ಹಾಕಿದ್ದರು. 2027ರ ಸೀಸನ್ ಟಿಕೆಟ್ ಅಥವಾ ವರ್ಷದ ಚಂದಾಕ್ಕೆ ಮುಂಗಡ ಕಟ್ಟುವ ಮೊದಲು ಹಣ ವಾಪಸಾತಿಯ ಷರತ್ತು ಪೂರ್ತಿ ಓದಿ, ತಾನಾಗೇ ನವೀಕರಣವಾಗುವ ಬಟನ್ ಆಫ್ ಮಾಡಿಡಿ.